ಖಾಲಿ ಹೊಟ್ಟೀಲೆ ಬರ್ರಿ

ಮುಂಜಾನೆ ಆರೂವರಿಗೆ ಶಟರ್ ಎತ್ತತೀನಿ,
ಕಲಬುರಗಿ ಗಂಜ್ ಹಿಂದಿನ ಓಣ್ಯಾಗ ಒಂದು ಖೋಲಿ,
ಎರಡು ಕುರ್ಚಿ, ಒಂದು ಫ್ರಿಜ್, ಗರಗರ ತಿರುಗೋ ಮಷೀನ್.
ನನ್ನ ಹೆಸರು ಜಗದೇವಿ. ಸೂಜಿ ನನ್ನ ಕೈಯಾಗಿದ್ದರ
ನೊಣ ಕುಂತಂಗ ಕೂಡ್ತದ ಅಂತಾರ ಮಂದಿ.

"ರಾತ್ರಿ ಏನರ ತಿಂದೀರೇನು?"
"ಏನಿಲ್ಲಕ್ಕ, ಖರೆ, ನೀರು ಸೈತ ಕುಡದಿಲ್ಲ."
ತೋಳಿಗೆ ಪಟ್ಟಿ ಬಿಗದು, ಮುಷ್ಟಿ ಹಿಡೀರಿ ಅಂತೀನಿ.
ಸುಳ್ಳು ನಾಲಿಗಿ ಮ್ಯಾಲ ನಿಲ್ತದ,
ರಕ್ತದಾಗ ನಿಲ್ಲಂಗಿಲ್ಲ.

ಹತ್ತು ನಿಮಿಷ ತಿರುಗಿದ ಮ್ಯಾಲ
ಕೆಂಪು ತಳಕ್ಕ ಕೂಡ್ತದ, ತಿಳಿ ಮ್ಯಾಲ ಬರ್ತದ.
ಹೊತ್ತು ಮುಳುಗೂದ್ರಾಗ ಉಂಡವರ ತಿಳಿ
ತೊಗರಿಬ್ಯಾಳಿ ಕಟ್ಟಿನಂಗ, ಆಚಿ ಕಡೆ ಬೆರಳು ಕಾಣ್ತದ.
ನಡುರಾತ್ರಿ ಧಾಬಾದಾಗ ಉಂಡವರದು
ನೀರು ಬೆರಸಿದ ಹಾಲಿನಂಗ, ಮಬ್ಬು.
ಕೊಳವಿ ಬೆಳಕಿಗೆ ಹಿಡದರ ಸಾಕು,
ಬಿರಿಯಾನಿ ಯಾವ ಹೋಟೆಲಿಂದು ಅಂತ ಹೇಳಬಲ್ಲೆ —
ಇದು ಸ್ವಲ್ಪ ಬಡಾಯಿ, ಇರಲಿ.

ಸಿ.ಆರ್.ಪಿ. ಅಂತ ಒಂದು ಅಂಕಿ.
ಒಂದರೊಳಗ ಇದ್ದರ ಚಲೋ. ಮೂರು ದಾಟಿದರ
ಡಾಕ್ಟರ್ರು ಕನ್ನಡಕ ತಗದು ಮೇಜಿನ ಮ್ಯಾಲ ಇಡ್ತಾರ,
ಉರಿಯೂತ ಅಂತಾರ.
ಎಲ್ಲೂ ಉರಿ ಇಲ್ಲ, ಎಲ್ಲೂ ಊತ ಇಲ್ಲಲ್ರೀ, ಅಂತಾರ ಇವರು.
ನಲವತ್ನಾಕು ಡಿಗ್ರಿ ಊರಾಗ
ಒಳಗಿನ ಒಂದು ಕಾವು ಯಾರಿಗೆ ಗೊತ್ತಾಗಬೇಕು?
ಅಂಗಳದ ಶಹಾಬಾದ ಪರಸಿ ನೋಡ್ರಿ,
ಹೊತ್ತು ಮುಳುಗಿ ತಾಸಾದರೂ ಬರಿಗಾಲು ಇಡಗೊಡಂಗಿಲ್ಲ.
ಹಂಗ ರಕ್ತನಾಳದ ಗ್ವಾಡಿ.
ಒಮ್ಮೆ ಕರದದ್ದು ತಿಂದರ ಕಾಯ್ತದ, ಆರ್ತದ.
ದಿನಾ ತಿಂದರ ಆರಲಾಕ ಪುರಸೊತ್ತು ಎಲ್ಲಿ?
ಒಂದಿನ ಸದ್ದಿಲ್ಲದ ಗಿಲಾವು ಬಿರೀತದ.

ಅಂಬಾರಾಯ ಬಂದಿದ್ದ. ಕಡ್ಡಿಯಂಥ ಮನಷ್ಯಾ.
ಬಸ್ ಸ್ಟ್ಯಾಂಡ್ ಹತ್ತರ ಮಿರ್ಚಿ ಬಂಡಿ ಅವಂದು.
ದಿನವಿಡೀ ಸಕ್ಕರಿ ಚಹಾ, ರಾತ್ರಿ ಒಂದಕ್ಕ ಬಂಡಿ ತೊಳದು
ಉಳದ ಭಜಿ, ಚುರುಮರಿ,
ಹದಿನಾರು ವರ್ಷ ಅದೇ ಊಟ.
ಐದು ಪಾಯಿಂಟ್ ಎರಡು ಬಂತು.
"ದಪ್ಪ ಇದ್ದವರಿಗಿ ಬರೋದಲ್ಲೇನಕ್ಕ ಇದು?" ಅಂದ,
ಕಾಗದ ಮಡಚಿ ಅಂಗಿ ಕಿಸೆದಾಗ ಇಟ್ಟ. ಎಡಕಿನ ಕಿಸೆ.

ಆವತ್ತು ಖೋಲಿ ಖಾಲಿ ಇತ್ತು.
ನನ್ನ ಎಡಗೈಗೆ ನಾನೇ ಪಟ್ಟಿ ಬಿಗದೆ, ತುದಿ ಹಲ್ಲಾಗ ಹಿಡದು.
ಚೀಟಿ ಮ್ಯಾಲ ಹೆಸರು ಬರೀವಾಗ
ಕೈ ತಾನೇ 'ಸುಗಲಾಬಾಯಿ, ೪೧' ಅಂತ ಬರೀತು.
ಆಕಿ ಯಾರೋ ನನಗೂ ಗೊತ್ತಿಲ್ಲ.

ಸುಗಲಾಬಾಯಿಗಿ ನಾಕು ಪಾಯಿಂಟ್ ಆರು.
ಪಾಪ, ಮಂದಿ ಖಾಲಿ ಹೊಟ್ಟಿ ಕಾಯ್ಕೋತ
ತನ್ನದು ಹನ್ನೊಂದರ ತನಕ ಖಾಲಿ,
ಆಮ್ಯಾಲ ನಿಂತ ನಿಂತೇ ಚಹಾದಾಗ ಅದ್ದಿದ ಖಾರಿ,
ರಾತ್ರಿ ಹತ್ತಕ್ಕ ಪೇಪರಿನಾಗ ಸುತ್ತಿದ ಆರು ಮಿರ್ಚಿ.
ಅತ್ತಿ ಮುಚ್ಚಿಟ್ಟ ರೊಟ್ಟಿ, ಪುಂಡಿಪಲ್ಯ
ಮರುದಿನ ಓಣಿ ಆಕಳಿಗಿ.
ಆಕಳ ರಕ್ತ ನಾ ನೋಡಿಲ್ಲ, ಚಲೋ ಇದ್ದೀತು.

ಸಂಜಿ ಏಳಕ್ಕ ಕಾಲು ತಾವೇ ಬಂಡಿ ಕಡೆ ಹೊಂಟವು.
ಎಣ್ಣಿ ಕುದೀಲತ್ತಿತ್ತು, ಮುಂದ ಯಾರೂ ಇಲ್ಲ.
ಹಿಂದ, ರಸ್ತಾಕ್ಕ ಬೆನ್ನು ಮಾಡಿ,
ಕಳ್ಳನಂಗ ಕುಂತು ಅಂಬಾರಾಯ
ಸ್ಟೀಲ್ ಡಬ್ಬಿಯಿಂದ ಜ್ವಾಳದ ರೊಟ್ಟಿ ಮುರೀಲತ್ತಿದ್ದ,
ಹೆಸರುಕಾಳು, ಮೆಂತ್ಯ ತಪ್ಪಲ, ಹಸೀ ಉಳ್ಳಾಗಡ್ಡಿ.
ನನ್ನ ನೋಡಿ ಮುಚ್ಚಳ ಹುಡುಕಿದ.

"ಮನ್ಯಾಗಿಂದ ಕಟ್ಟಿ ಕಳಿಸ್ಯಾಳ್ರಿ. ಯಾರ ಮುಂದೂ ಹೇಳಬ್ಯಾಡ್ರಿ,
ಕರಿಯಾಂವನೇ ತಿನ್ನಂಗಿಲ್ಲಂದ್ರ ಯಾರು ತಿಂತಾರ?
ನಿಮಗೆಷ್ಟು ಹಾಕಲಿ?"

ಘಮ್ ಅಂತ ಬಂತು, ಬಾಯಾಗ ನೀರು. ಸುಳ್ಳು ಹೇಳಂಗಿಲ್ಲ.
ಬೋರಲು ಹಾಕಿದ ಬಕೀಟಿನ ಮ್ಯಾಲ ಕುಂತೆ.
ಅರ್ಧ ರೊಟ್ಟಿ ನನ್ನ ಕಡೆ ಚಾಚಿದ.

"ಮಿರ್ಚಿ ಅದಾವೇನ್ರಿ?" ಅಂತ ಮುಂದ ಯಾರೋ ಕೂಗಿದರು.
ಬಾಯಿ ತುಂಬಿತ್ತು,
ಇಬ್ಬರಿಗೂ ಉತ್ತರ ಕೊಡಲಾಕ ಆಗಲಿಲ್ಲ.