ಒಂದು ಗೀಟು

ಮನಾಮಾದ ಹಳೇ ಸಾಮಾನಿನ ಅಂಗಡಿಯಲ್ಲಿ
ಇಪ್ಪತ್ತೆರಡು ದಿನಾರಿಗೆ ತಂದ ಲ್ಯಾಪ್‌ಟಾಪು.
ಮೂಲೆಯಲ್ಲಿ ಸೀಳು, ಸ್ಪೇಸ್ ಕೀಲಿ ಒತ್ತಿದರೆ
ಬಿಸ್ಕೀಟು ಮುರಿದ ಸದ್ದು.
ಒಳಗೆ ಲಿನಕ್ಸು. ಬಿಟ್ಟಿ, ಅಂದ ಅಂಗಡಿಯವ.
ಬಿಟ್ಟಿಯದಕ್ಕೆ ಗ್ಯಾರಂಟಿ ಕೇಳಬೇಡ ಅಂತ ಕಣ್ಣಲ್ಲೇ ಅಂದ.

ಸಲ್ಮಾಬಾದ್. ಅಲ್ಯುಮಿನಿಯಂ ವರ್ಕ್‌ಶಾಪಿನ ಮೇಲಿನ ಕೋಣೆ.
ಶುಕ್ರವಾರ. ಕಿಟಕಿ ಎಸಿಯ ಕೆಳಗೆ ಬಣ್ಣದ ಡಬ್ಬಿ,
ಹನಿ ಬಿದ್ದಾಗಲೆಲ್ಲ ಟಪ್.
ವೈಫೈ ಇಲ್ಲ.
ಅಂದರೆ, ಇದೆ. ಹೊಟ್ಟೆಯೊಳಗೇ ಇದೆ,
ಬಸ್ ಟಿಕೀಟಿನಷ್ಟಗಲದ ಹಸಿರು ಕಾರ್ಡು.
ಕಟಿಂಗ್ ಮಶೀನಿಗೆ ಹುಕುಂ ಟೈಪಿಸಿ ಪಳಗಿದ ಬೆರಳು,
ಟರ್ಮಿನಲ್ಲಿಗೆ ಹೆದರಲಿಲ್ಲ. ಕೇಳಿದೆ. ಹೇಳಿತು:
ಮಾದರಿ, ನಂಬರು, ಮಾಡಿದವರ ಹೆಸರು.
ಕೆಲಸ ಏನು ಅಂದರೆ ಖಾಲಿ ಸಾಲು.

ಗೊತ್ತು ನನಗೆ ಅಂಥ ಸಾಲು.
ಸಿಪಿಆರ್ ಕಾರ್ಡು ಬರುವ ತನಕ ಐವತ್ತೊಂದು ದಿನ
ಇದೇ ಕೋಣೆಯಲ್ಲಿ ನಾನೂ ಇದ್ದೆ,
ಎತ್ತರ ಐದೂವರೆ ಅಡಿ, ರಕ್ತ ಬಿ ಪಾಸಿಟಿವ್,
ಗೇಟು ದಾಟಲಾಗದೆ.

ಫರ್ಮ್‌ವೇರ್ ಬೇಕಂತೆ. ಒಂದೇ ಫೈಲು, ಮೆಂತ್ಯದ ಕಾಳಿನಷ್ಟು.
ಬಾಗಿಲೆಲ್ಲ ತೆರೆದಿಟ್ಟ ಮನೆಯಲ್ಲಿ ಅದೊಂದಕ್ಕೆ ಬೀಗ,
ಒಳಗೇನು ಬರೆದಿದೆ ಯಾರೂ ಓದಿಲ್ಲ.
ಅದು ಸಿಗುವುದು ನೆಟ್ಟಿನಲ್ಲಿ.
ನೆಟ್ಟು ಸಿಗಬೇಕಾದರೆ ಅದು ಬೇಕು.
ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದ
ಸೋದರಮಾವ ನೆನಪಾಗಿ ಒಬ್ಬನೇ ನಕ್ಕೆ.
ನನ್ನದು ಗುಂಡಿ ಫೋನು, ಟಾರ್ಚು ಚೆನ್ನಾಗಿದೆ.
ಬಿಷ್ಣು ತಾಮಾಂಗನ ಡೇಟಾ ಗುರುವಾರವೇ ತೀರಿತ್ತು.

ಕೆಳಗೆ ಫೋರ್‌ಮನ್ ಶೇಖಬ್ಬ. ರೂಟರ್ ಅವನದು.
ಉಳ್ಳಾಲದವ. ಅವನದೂ ಕನ್ನಡವೇ,
ಗಂಜಿ ಹಾಕಿ ಇಸ್ತ್ರಿ ಮಾಡಿದ್ದು.
"ಕೇಬಲ್ ಉಂಟು, ತೆಗೆದುಕೊಂಡು ಹೋಗಿ ಮಾರಾಯ್ರೆ.
ಯಾರಾದರೂ ಎಡವಿ ಬಿದ್ದರೆ ನಾನಲ್ಲ."

ನೀಲಿ ಕೇಬಲ್ಲು, ಇಪ್ಪತ್ತು ಮೀಟರು.
ಕಬ್ಬಿಣದ ಮೆಟ್ಟಿಲು ಹತ್ತಿ, ಒದ್ದೆ ಲುಂಗಿಗಳ ಕೆಳಗೆ ನುಸುಳಿ,
ಬಾಗಿಲ ಸಂದಿಯಿಂದ ಒಳಗೆ ಬಂದು
ಒಂದು ಗೇಣು ಕಮ್ಮಿ ಬಿತ್ತು.
ಬಿಷ್ಣು ಬೈಯುತ್ತ ಇಳಿದ, ಮಂಚದ ಆ ತುದಿ ಹಿಡಿದ.
ಮಂಚ ಸರಿಸಿದೆವು, ಮಲಗಿದ್ದ ಮೊಫಿಜುಲ್ ಸಮೇತ.

ತಪ್ಪು ಫೈಲು. ಮತ್ತೊಂದು ತಪ್ಪು ಫೈಲು.
ಅಕ್ಷರ ತಪ್ಪಿದರೆ ಯಂತ್ರ ಸಿಟ್ಟಾಗುವುದಿಲ್ಲ,
ಅಂಥದ್ದು ಇಲ್ಲ ಅನ್ನುತ್ತದೆ, ಅಷ್ಟೆ.
ಅಸರ್ ಬಾಂಗು ಮುಗಿಯುವಾಗ ಸರಿಯಾದದ್ದು ಜಾಗದಲ್ಲಿ ಕೂತಿತು.
ಆದರೂ ಮೌನ.
ಮುಂದಿನ ಅಂಚಿನಲ್ಲಿ ಉಗುರಿನಷ್ಟು ಸ್ವಿಚ್ಚು, ಯಾರದೋ ವರ್ಷಗಳ ಕೊಳೆ.
ಬಿಷ್ಣು ಸುಮ್ಮನೆ ಕೆರೆದ. ಸರಿಯಿತು.
ಕಿತ್ತಳೆ ದೀಪ ನೀಲಿಯಾಯಿತು.

ಹೆಸರುಗಳು ಬಂದವು, ಒಂದರ ಕೆಳಗೊಂದು.
ಅಮ್ಮಿಜಾನ್. ನೇಪಾಲ್ ಎರಡು. ಗ್ಯಾರೇಜ್ ಆಫೀಸು.
ಕೇಳಬೇಡ. ಮತ್ತೆ, ಕೇಳಬೇಡ.
ಮೂರು ವರ್ಷ ಈ ಗೋಡೆ ತೂರಿ,
ನನ್ನ ತಲೆ, ತಟ್ಟೆ, ನಿದ್ದೆ ತೂರಿ ಹೋಗುತ್ತಿದ್ದವು ಇವೆಲ್ಲ.
ಎಲ್ಲದರ ಪಕ್ಕ ಬೀಗದ ಗುರುತು.
ತೀರ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ, ಒಂದೇ ಗೀಟಿನ ಬಲದಲ್ಲಿ,
ಊಟ ಆತೇನ್ರಿ.

ಮತ್ತೊಮ್ಮೆ ಓದಿದೆ.
ಆಯ್ತಾ ಅಲ್ಲ. ಆಯಿತೇ ಅಲ್ಲ. ಆತೇನ್ರಿ.
ಮಲಪ್ರಭೆಯ ನೀರು ಕುಡಿದ ಬಾಯಿಗಷ್ಟೇ ಹತ್ತುವ ಆ ರೀ.

ಕೇಬಲ್ ಕಿತ್ತೆ. ತೆರೆದ ಲ್ಯಾಪ್‌ಟಾಪು ಎರಡೂ ಕೈಯಲ್ಲಿ ಹೊತ್ತು
ಇಳಿದೆ, ಸಾರು ತುಂಬಿದ ತಾಟಿನ ಹಾಗೆ.
ಟೈರಿನ ಅಂಗಡಿಯೆದುರು ಇದ್ದೊಂದು ಗೀಟೂ ಹೋಯಿತು.
ಹಿಂದೆ ತಿರುಗಿದೆ. ಕಾರು ತೊಳೆಯುವಲ್ಲಿ ಎರಡು.
ನೀರಿನ ಟ್ಯಾಂಕಿನ ಸಂದಿಯಲ್ಲಿ ಮೂರು, ಕೀಲಿಗಳ ಮೇಲೆ ಬೆವರು.
ಹಸಿರು ಬಾಗಿಲು. ನಾಲ್ಕು ಜೊತೆ ಚಪ್ಪಲಿ.
ಒಳಗೆ ರೊಟ್ಟಿ ಬಡಿಯುವ ಸಪ್ಪಳ,
ಬಟ್ಟೆ ಒಗೆಯುವುದೂ ಇರಬಹುದು.
ಬ್ಯಾಟರಿ ಒಂಬತ್ತು ಪರ್ಸೆಂಟು.

ಪಾಸ್‌ವರ್ಡ್ ಕೇಳುತ್ತಲೇ ಇತ್ತು ಯಂತ್ರ.
ಇನ್ನೂ ಇಲ್ರಿ, ಅಂದೆ ಮೆಲ್ಲಗೆ,
ಎರಡೂ ಕೈ ತುಂಬಿದ್ದರಿಂದ
ಕಾಲಿನಿಂದಲೇ ಬಾಗಿಲು ತಟ್ಟಿದೆ.