ಸೊನ್ನೆ ಬಿಂದು ಏಳು

ಸುಬೈರ್, ನೀನು ಬೀಗವಿಲ್ಲದೆ ಹಂಚಿದ
ಲಿಪಿ ಬದಲಿಸುವ ತಂತ್ರಾಂಶ
ನಾಲ್ಕು ವರ್ಷದಿಂದ ಸೊನ್ನೆ ಬಿಂದು ಏಳರಲ್ಲೇ ಕೂತಿದೆ.
ಕೇಳಿದರೆ, 'ಆ ೞ ಒಂದು ಸರಿಯಾಗಲಿ' ಎನ್ನುತ್ತೀ.

ಇಲ್ಲಿ ಬದಿಯಡ್ಕದ ಅಕ್ಷಯ ಕೇಂದ್ರದಲ್ಲಿ
ಮಾಂಕಕ್ಕ ಮಲಯಾಳದ ನೋಟೀಸು ಮುಂದಿಟ್ಟು
'ಎಂತ ಬರೆದಿದ್ದಾರೆ?' ಎಂದು ನಿಲ್ಲುತ್ತಾಳೆ.
ಕಿವಿಗೆ ತಿಳಿಯುವ ಭಾಷೆ, ಕಣ್ಣಿಗೆ ತಿಳಿಯದ ಅಕ್ಷರ.
ಸೋಮವಾರ ಅವಳ ಹೆಸರು ಸರಿಯಾಗಿ ಬಂತು.
ಮಂಗಳವಾರ ನೀನೇನೋ ತಿದ್ದಿದೆ:
ಸರ್ವೆ ನಂಬರಿನ ಪಕ್ಕ
ಬರೀ ಚೌಕ, ಚೌಕ, ಚೌಕ.

ನನಗೆ ಕೋಡ್ ಬರೆಯಲು ಬಾರದು.
ಮುನ್ನೂರು ಹಳೆಯ ಅರ್ಜಿಗಳಿವೆ,
ಹೆಸರು ಮರೆಸಿ ಒಂದೊಂದನ್ನೂ ಓಡಿಸಿ ನೋಡುತ್ತೇನೆ.
ಏನು ಬದಲಾಯಿತೆಂಬ ಚೀಟಿ ನಾನು ಬರೆಯುತ್ತೇನೆ,
ಬೈದು ಬರೆಯುವವರಿಗೂ ನನ್ನದೇ ಉತ್ತರ.
ನೀನು ಉಪ್ಪಳದ ಅಂಗಡಿಯ ಶಟರ್ ಎಳೆದು
ಒಂದು ಸಂಜೆ ಕೈ ಕಟ್ಟಿ ಕೂತುಕೋ.
ಮುಟ್ಟಬೇಡ. ಇದ್ದ ಹಾಗೇ
'ಒಂದು' ಎಂದು ಬರೆದು ಬಿಡು.

ೞ ಕಾಯುತ್ತದೆ.
ನಾವದನ್ನು ಕಳೆದುಕೊಂಡು
ಎಂಟೊಂಬತ್ತು ನೂರು ವರ್ಷವಾಯಿತು;
ಏಳರ ಲೆಕ್ಕ ತಪ್ಪಿಲ್ಲ,
ಬೆಳಿಗ್ಗೆ ಏಳುವುದೂ ನಿಂತಿಲ್ಲ.

ಶನಿವಾರ ಎಂಟೂವರೆಯ ಬಸ್ಸಿಗೆ ಬರುತ್ತೇನೆ.
ಚಾರ್ಜರ್ ನನ್ನದೇ ತರುತ್ತೇನೆ.