ಒನ್ಸ್ ಮೋರ್

ಗುತ್ತಲು ರಸ್ತೆಯ ಜೆರಾಕ್ಸ್ ಅಂಗಡಿಯ ಮೇಲೆ
ಎರಡು ಕೋಣೆ, ಮೂರು ಕಂಪ್ಯೂಟರು, ಒಂದು ಕೂಲರು.
'ಆಟ ಇನ್ನೂ ಮುಗಿದಿಲ್ಲ, ಸುಮ್ಮನೆ ರುಚಿ ನೋಡಿ' ಅಂದಳು ರುಖಿಯಾ,
ಒಲೆಯ ಮೇಲಿನ ಸಾರಿಗೆ ಉಪ್ಪು ನೋಡಿ ಅನ್ನುವ ಹಾಗೆ.

ನನ್ನನ್ನೇ ಕರೆದದ್ದಕ್ಕೆ ಕಾರಣವಿದೆ.
ಹೋದ ಮಾಘದಲ್ಲಿ ಇದೇ ಬಚ್ಚಲಲ್ಲಿ
ಸುತ್ತ ರಗ್ಗು ನೇತುಹಾಕಿ, ಬಕೆಟ್ಟು ಹೊರಗಿಟ್ಟು,
ನಲವತ್ತು ಸಲ ಸತ್ತಿದ್ದೆ ಇವರಿಗಾಗಿ.
ಎದೆಗೆ ಗುಂಡು, ಹೊಟ್ಟೆಗೆ ಗುಂಡು, ಮಾಡಿನಿಂದ ಜಾರಿ,
ಬೆಂಕಿ ಹತ್ತಿ, ಬಾಯಿಗೆ ನೀರು ನುಗ್ಗಿ.
ಒಂದು ಸಾವಿಗೆ ಐವತ್ತು ರೂಪಾಯಿ, ನಡುವೆ ಶುಂಠಿ ಕಾಫಿ.

ಸಾಯುವುದು ನನಗೆ ಹೊಸದಲ್ಲ.
ಇಪ್ಪತ್ತಾರು ವರ್ಷ ಕೆರಗೋಡು, ಬಸರಾಳು, ಕೊಪ್ಪ,
ಎಲ್ಲಿ ಸೀನರಿ ಕಟ್ಟಿದರೂ ತೊಡೆ ಮುರಿದು ಬೀಳುವವನು ನಾನೇ.
ಬಿದ್ದು, ಮೊಣಕೈ ಊರಿ, ಒಂದು ಕಂದ, ಅದರ ಬೆನ್ನಿಗೇ ಹಾಡು.
ಹಾರ್ಮೋನಿಯಂ ಮೇಷ್ಟ್ರು ಒಂದು ಮನೆ ಏರಿಸಿದರೆ
ಪ್ರಾಣ ಇನ್ನೂ ಹತ್ತು ನಿಮಿಷ ಹೋಗುವುದಿಲ್ಲ.
ಕೊನೆಗೂ ಕಣ್ಣು ಮುಚ್ಚಿದರೆ ಹಿಂದಿನ ಸಾಲಿಂದ 'ಒನ್ಸ್ ಮೋರ್!'
ಧೂಳು ಕೊಡವಿ ಎದ್ದು, ಕಿರೀಟ ಸರಿಮಾಡಿಕೊಂಡು
ಮತ್ತೆ ಸಾಯುತ್ತಿದ್ದೆ, ಮೊದಲಿಗಿಂತ ಚೆನ್ನಾಗಿ.

ಈಗ ಕೈಗೆ ಎರಡು ಕೊಂಬಿನ ಕಂಟ್ರೋಲರು ಕೊಟ್ಟರು.
'ಎಡಗೈ ನಡೆಯೋಕೆ, ಬಲಗೈ ನೋಡೋಕೆ, ತೋರುಬೆರಳು ಹೊಡೆಯೋಕೆ.'
ನಡೆಯುವುದಕ್ಕೊಂದು ಕೈ, ನೋಡುವುದಕ್ಕೊಂದು!
ಹತ್ತು ನಿಮಿಷ ಗೋಡೆಗೆ ಮುಖ ಉಜ್ಜಿದೆ,
ಆಕಾಶ ನೋಡುತ್ತ ನಾಲೆಗೆ ಬಿದ್ದೆ.
ಧರಣೇಂದ್ರ ನಗು ನುಂಗಿಕೊಂಡು ಎತ್ತಿ ದಡಕ್ಕೆ ಹಾಕಿದ.

ಪರದೆಯ ಮೇಲೂ ಕೆಳಗೂ ಕಪ್ಪು ಪಟ್ಟಿ, ಥೇಟು ಸಿನಿಮಾ.
ರಾತ್ರಿಯ ಆಲೆಮನೆ. ಕೊಪ್ಪರಿಗೆ ಕುದಿಯುತ್ತಿದೆ, ಹಬೆ ಇನ್ನೂ ಹಾಕಿಲ್ಲ.
ಕಬ್ಬಿನ ಗದ್ದೆ ಹತ್ತು ಮಾರು ಇದೆ, ಆಮೇಲೆ ಬರೀ ಬೂದಿ ಬಣ್ಣ,
ದೇವರು ಕೆಲಸ ನಿಲ್ಲಿಸಿ ಊಟಕ್ಕೆ ಹೋದ ಹಾಗೆ.
ಶತ್ರುಗಳಿಗೆ ಬೂಟಿದೆ, ಬೆಲ್ಟಿದೆ, ಮುಖವಿಲ್ಲ.
'ಮುಖ ಮುಂದಿನ ತಿಂಗಳು' ಅಂದ ಧರಣೇಂದ್ರ.

ಮೊದಲ ಗುಂಡು ತಗುಲಿದ್ದು ಬೆಲ್ಲದ ಅಚ್ಚಿಗೆ.
ಎರಡನೆಯದು ಒಬ್ಬನಿಗೆ.
ಅವನು ಕೂಗಿದ.
ನನ್ನ ಗಂಟಲಲ್ಲಿ ಕೂಗಿದ.
ಹೊಟ್ಟೆ, ಏಳನೆಯದು. ತಕ್ಷಣ ಗುರುತು ಸಿಕ್ಕಿತು.
ಗಾಣದ ಹಿಂದಿದ್ದವನು, ನಾನು.
ತಗಡಿನಿಂದ ಉರುಳಿದವನು, ನಾನು, ನೆಗಡಿಯಿದ್ದ ದಿನ.
ಒಂದು ಗಳಿಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ.
ಆದರೆ ಇಲ್ಲಿ ಒಂದು ಕಂದ ಹೇಳುವಷ್ಟೂ ಪುರುಸೊತ್ತಿಲ್ಲ ಯಾರಿಗೂ.
ಬಿದ್ದವನು ಮೂರೆಣಿಸುವುದರೊಳಗೆ ನೆಲಕ್ಕೆ ಇಂಗಿಹೋಗುತ್ತಾನೆ.
'ಮೆಮೊರಿ ಉಳೀಲಿ ಅಂತ' ವಿವರಿಸಿದಳು ರುಖಿಯಾ.

ಆಮೇಲೆ ಒಲೆಯ ಬಾಯಿ ಹತ್ತಿರ ಒಬ್ಬ ಬಿದ್ದ.
'ಅವ್ವಾ' ಅಂದ.

ಅದು ಪಟ್ಟಿಯಲ್ಲಿ ಇರಲಿಲ್ಲ. ಅವತ್ತು ಬಚ್ಚಲಲ್ಲಿ
ನಲ್ಲಿಗೆ ಮೊಣಕಾಲು ಬಡಿದಾಗ ಬಾಯಿಂದ ಬಂದದ್ದು,
ಯಾರೋ ಅಳಿಸಲು ಮರೆತಿದ್ದಾರೆ.
ಬಾಯಿಯೇ ಇಲ್ಲದವನ ಬಾಯಲ್ಲಿ
ನಮ್ಮ ಚಿಕ್ಕತಾಯಮ್ಮ.

ಮುಂದಿನವನು ಎದುರಿಗೇ ಬಂದ. ಬೆರಳು ಒತ್ತಲಿಲ್ಲ.
ಧರ್ಮ ಗಿರ್ಮ ಏನಲ್ಲ, ಬೆರಳು ಬರಲಿಲ್ಲ, ಅಷ್ಟೆ.
ಅವನೂ ಹೊಡೆಯಲಿಲ್ಲ. ಬಂದೂಕು ಅರ್ಧ ಎತ್ತಿ ನಿಂತ,
ಮಾತು ಮರೆತ ಪಾತ್ರಧಾರಿ ಸೈಡ್‌ವಿಂಗಿನತ್ತ ನೋಡುವಂತೆ.
ಹಬೆಯಿಲ್ಲದ ಕೊಪ್ಪರಿಗೆ, ಮುಗಿಯದ ಗದ್ದೆ, ನಾವಿಬ್ಬರು.
ಮೇಷ್ಟ್ರಿದ್ದಿದ್ದರೆ ಶ್ರುತಿಯಾದರೂ ಹಿಡಿಯುತ್ತಿದ್ದರು.

ರುಖಿಯಾ ಬರೆದುಕೊಂಡಳು: ದೋಷ ನೂರಾಹನ್ನೆರಡು,
ಆಟಗಾರ ಹೊಡೆಯದಿದ್ದರೆ ಶತ್ರು ಸುಮ್ಮನೆ ನಿಲ್ಲುತ್ತಾನೆ.
'ಸರಿಮಾಡ್ತೀವಿ ಅಂಕಲ್. ಆ ಅವ್ವಾ ಅನ್ನೋದನ್ನೂ ತೆಗೀಬೇಕಾ?'
ಕೂಲರು ಗುರ್ ಅಂದಿತು. ಕೆಳಗೆ ಯಾರದೋ ಪಹಣಿ
ಮೂರು ಪ್ರತಿ ಹೊರಬರುತ್ತಿತ್ತು.
'ಇರಲಿ ಬಿಡವ್ವ' ಅಂದೆ.

ಮೆಟ್ಟಿಲಿಳಿಯುವಾಗ ಧರಣೇಂದ್ರ ಮೊದಲಿಂದ ಶುರು ಮಾಡಿದ್ದ.
ಹೊಟ್ಟೆ, ಏಳನೆಯದು.
ಸ್ವಲ್ಪ ಜಾಸ್ತಿ ಎಳೆದಿದ್ದೇನೆ ಅನ್ನಿಸಿತು.